ಸಾಲು ದಾಟುವ ಪಟ್ಟಿ

ಪರ್ರ್.

ಎಲ್ಲರೂ ಮಲಗಿ ಬಹಳ ಹೊತ್ತಾದ ಮೇಲೆ ಅಡುಗೆಮನೆಯಿಂದ ಬಂದ ಸದ್ದು. ಸ್ವಲ್ಪ ಬಿಟ್ಟು ಮತ್ತೊಮ್ಮೆ ಪರ್ರ್. ಈ ಸಲ ಇನ್ನೂ ನಿಧಾನ, ಇನ್ನೂ ಉದ್ದ. ಸೊಂಟಕ್ಕೆ ಕಟ್ಟುವ ಚೀಲದ ಅಂಟುಪಟ್ಟಿಯನ್ನು ಸದ್ದಾಗದಂತೆ ಬಿಡಿಸುವುದು ಯಾರಿಂದಲೂ ಆಗದ ಕೆಲಸ.

"ದುಡ್ಡು ಎಲ್ಲೂ ಓಡಿಹೋಗಲ್ಲ, ಬಂದು ಮಲಗ್ರೀ," ಎಂದಳು ಅವಳು ಕತ್ತಲೆಯ ಕಡೆಗೆ.

"ನೀನಿನ್ನೂ ಎದ್ದಿದ್ದೀಯಾ?"

"ನಿಮ್ಮ ಚೀಲ ಮಲಗೋಕೆ ಬಿಟ್ರೆ ತಾನೇ."

ಗಂಡ ಬಂದು ಪಕ್ಕದಲ್ಲಿ ಮಲಗಿದ. ಮಲಗಿದ ಮೇಲೂ ನಿದ್ದೆ ಮಾಡಲಿಲ್ಲ ಎಂಬುದು ಅವನ ಉಸಿರಿನಿಂದಲೇ ಅವಳಿಗೆ ತಿಳಿಯುತ್ತಿತ್ತು. ಬೆಳಗಾದರೆ ಆಟದ ಪಾರ್ಕಿಗೆ ಹೋಗಬೇಕು. ಹೋದ ವರ್ಷ ಹೋಗಿದ್ದ ಪಾರ್ಕಿಗೇ.

ಅವನು ಕಣ್ಣಿನ ಆಸ್ಪತ್ರೆಯಲ್ಲಿ ಟೋಕನ್ ಕೂಗುವವನು. ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು, ಬಂದವರಿಗೆ ಬಂದ ಕ್ರಮದಲ್ಲಿ ಚೀಟಿ ಕೊಟ್ಟು, ಅದೇ ಕ್ರಮದಲ್ಲಿ ಒಳಗೆ ಬಿಡುವುದು ಅವನ ಕೆಲಸ. ಯಾರಾದರೂ ನುಗ್ಗಿದರೆ ಬೈಯುವುದಿಲ್ಲ, ಏಳುವುದೂ ಇಲ್ಲ. "ಎಲ್ಲರದೂ ಕಣ್ಣೇ. ಒಬ್ಬರ ಹಿಂದೆ ಒಬ್ಬರು ಬನ್ನಿ," ಎನ್ನುತ್ತಾನೆ ಅಷ್ಟೆ. ಆ ದನಿಗೆ ಎಂಥವರೂ ಹಿಂದೆ ಸರಿಯುತ್ತಾರೆ. ಆಸ್ಪತ್ರೆಯವರೆಲ್ಲ ಅವನನ್ನು ಟೋಕನ್ ಸಾಹೇಬರು ಎಂದೇ ಕರೆಯುವುದು. ಅತ್ತೆಯ ಕಣ್ಣಿನ ಪೊರೆ ತೆಗೆಸುವಾಗಲೂ ಅವನು ಕ್ರಮ ಬಿಟ್ಟಿರಲಿಲ್ಲ. "ಹೆತ್ತ ತಾಯಿಗೇ ಟೋಕನ್ ಕೊಟ್ಟು ಕೂರಿಸಿದ ಮಹಾರಾಯ ಇವನು," ಎಂದು ಅತ್ತೆ ಇವತ್ತಿಗೂ ಸಿಕ್ಕಿದವರಿಗೆಲ್ಲ ಹೇಳುತ್ತಾಳೆ. ಅದು ದೂರೋ ಹೆಮ್ಮೆಯೋ ಕೇಳಿದವರಿಗೆ ತಿಳಿಯದು.

ಹೋದ ವರ್ಷ ಪಾರ್ಕಿನಲ್ಲಿ 'ಗಿಡುಗ' ಎಂಬ ದೊಡ್ಡ ಆಟಕ್ಕೆ ಅಪ್ಪ ಮಗಳು ಮಧ್ಯಾಹ್ನವಿಡೀ ಸಾಲಲ್ಲಿ ನಿಂತಿದ್ದರು. ಎಷ್ಟೋ ಹುಡುಗರು ಕಂಬಿಯ ಕೆಳಗೆ ನುಸುಳಿ ಮುಂದೆ ಹೋದರು. ಮಗಳು ಅಪ್ಪನ ತೋಳು ಎಳೆದಳು, ಅವನು ಜಗ್ಗಲಿಲ್ಲ. ಇನ್ನೇನು ಇವರ ಸರದಿ ಎನ್ನುವಾಗ ಆಟ ಇವತ್ತಿಗೆ ಮುಗಿಯಿತು ಎಂದು ಸರಪಳಿ ಹಾಕಿದರು. ಬಸ್ಸಿನಲ್ಲಿ ಮಗಳು ಅಳಲಿಲ್ಲ. "ಇನ್ಮೇಲೆ ನಿನ್ನ ಸಾಲಲ್ಲಿ ನೀನೇ ನಿಂತ್ಕೋ ಅಪ್ಪ," ಎಂದಳು ಅಷ್ಟೆ. ಆ ಮಾತನ್ನು ಅವನು ಮರೆಯಲಿಲ್ಲ. ಆಮೇಲೆ ಒಂದು ವರ್ಷ ಅವನು ಬೀಡಿ ಬಿಟ್ಟ, ಸಂಜೆಯ ಪಾಳಿಯನ್ನೂ ಹಿಡಿದ. ದುಡ್ಡು ಕೊಟ್ಟರೆ ಕೈಗೆ ಒಂದು ಕಿತ್ತಳೆ ಬಣ್ಣದ ಪಟ್ಟಿ ಕಟ್ಟುತ್ತಾರೆ, ಅದಿದ್ದವರು ಸಾಲಲ್ಲಿ ನಿಲ್ಲಬೇಕಿಲ್ಲ ಎಂದು ಅವನಿಗೆ ಯಾರೋ ಹೇಳಿದ್ದರು. ಎರಡು ಪಟ್ಟಿ, ಒಂದು ಅವನಿಗೆ, ಒಂದು ಮಗಳಿಗೆ. ಚೀಲದಲ್ಲಿದ್ದುದು ಅದರ ದುಡ್ಡು.

ಪಾರ್ಕಿನ ಗೇಟು ದಾಟಿದೊಡನೆ ಪಟ್ಟಿ ಕೊಡುವ ಕಿಟಕಿ. ಅದರ ಮುಂದೆ ಉದ್ದನೆಯ ಸಾಲು.

"ಸಾಲು ತಪ್ಪಿಸೋ ಪಟ್ಟಿಗೂ ಸಾಲಾ?" ಅತ್ತೆ ನೆರಳು ಹುಡುಕಿ ಕೂತಳು. "ಇವರು ಬುದ್ಧಿವಂತರು ಬಿಡು."

ಕಿಟಕಿಯ ಮೇಲೆ ಒಂದು ಪರದೆ, ಅದರಲ್ಲಿ ಪಟ್ಟಿಯ ಬೆಲೆ. ಅವನು ಕೇಳಿ ತಿಳಿದಿದ್ದಕ್ಕಿಂತ ಆಗಲೇ ಹೆಚ್ಚಾಗಿತ್ತು, ಆದರೂ ಚೀಲದಲ್ಲಿದ್ದುದಕ್ಕೆ ಎರಡು ಬರುತ್ತಿತ್ತು. ಅವನು ಮುಂದಿದ್ದವನ ಬೆನ್ನು ನೋಡುತ್ತ ನೆಟ್ಟಗೆ ನಿಂತ. ಅರ್ಧ ದಾರಿ ಬಂದಾಗ ಪರದೆ ಒಮ್ಮೆ ಮಿಟುಕಿತು, ಬೆಲೆ ಏರಿತು. ಹಿಂದಿನಿಂದ ಒಬ್ಬ ಹೆಂಗಸು ಅಳುವ ಮಗುವನ್ನೆತ್ತಿಕೊಂಡು, "ಅಣ್ಣಾ, ಸ್ವಲ್ಪ ಮುಂದೆ ಬಿಡ್ತೀರಾ?" ಎಂದಳು. ಅವನು ಹಿಂದಿದ್ದವರನ್ನೆಲ್ಲ ಕೇಳಿ, ಒಪ್ಪಿಸಿ, ಅವಳನ್ನು ಬಿಟ್ಟ. ಅವಳು ಯಾವ ಪಟ್ಟಿ, ಎಷ್ಟು ಪಟ್ಟಿ ಎಂದು ವಿಚಾರಿಸುತ್ತ ನಿಂತಳು. ಪರದೆ ಮತ್ತೆ ಮಿಟುಕಿತು.

ಕಿಟಕಿಯ ಒಳಗಿದ್ದವಳು ನೋಟುಗಳನ್ನು ನೋಡಿ, "ಇದಕ್ಕೆ ಒಂದೇ ಬರೋದು ಸಾರ್," ಎಂದಳು.

"ನಾನು ಬಂದು ನಿಂತಾಗ ಎರಡು ಬರ್ತಿತ್ತಲ್ಲಮ್ಮ."

"ನಿಂತಾಗಿನ ಬೆಲೆ ಅಲ್ಲ ಸಾರ್, ಕಿಟಕಿಗೆ ಬಂದಾಗಿನದು. ಒಳಗೆ ಜನ ಜಾಸ್ತಿ ಆದ ಹಾಗೆ ಏರುತ್ತೆ."

"ಅಂದ್ರೆ ಸಾಲು ಉದ್ದ ಆದಷ್ಟೂ ದುಬಾರಿ?"

"ಸಾಲೇ ಇಲ್ದಿದ್ರೆ ಇದನ್ನ ಯಾರು ತಗೋತಾರೆ ಸಾರ್?" ಅವಳು ಕೊಂಕಿಲ್ಲದೆ, ನಿಜವಾಗಿಯೇ ಕೇಳಿದಳು. "ಬೇಗ ಹೇಳಿ, ಮತ್ತೆ ಏರುತ್ತೆ."

ಅವನು ಒಂದು ತೆಗೆದುಕೊಂಡ. ಹೆಂಡತಿ ತನ್ನ ಪರ್ಸಿಗೆ ಕೈ ಹಾಕಿದ್ದನ್ನು ನೋಡಿ ಕಣ್ಣಲ್ಲೇ ಬೇಡವೆಂದ. ಅದರಲ್ಲಿದ್ದುದು ಊಟದ ಮತ್ತು ಬಸ್ಸಿನ ದುಡ್ಡು.

"ನೀನು ಬರಲ್ವಾ ಅಪ್ಪ?" ಮಗಳು ಕೇಳಿದಳು.

"ನಂಗ್ಯಾಕೆ? ಮೇಲೆ ಹೋದ್ರೆ ನಂಗೆ ತಲೆ ಸುತ್ತುತ್ತೆ." ಅವನು ಅವಳ ಮಣಿಕಟ್ಟಿಗೆ ಪಟ್ಟಿ ಕಟ್ಟಿ, ಬಿಗಿಯಾಯಿತೇ ಎಂದು ತನ್ನ ಬೆರಳು ತೂರಿಸಿ ನೋಡಿದ. "ಎಷ್ಟು ಸಲ ಬೇಕಾದ್ರೂ ಹೋಗಬಹುದಂತೆ. ಹೊಟ್ಟೆ ತುಂಬ ಹೋಗು ಪುಟ್ಟಿ. ನಾನು ಕೆಳಗಿಂದ ನೋಡ್ತಿರ್ತೀನಿ."

ಅವಳಿಗೆ ಹನ್ನೆರಡು ನಡೆಯುತ್ತಿತ್ತು. ಅಪ್ಪನ ಮುಖವನ್ನು ಒಂದು ಕ್ಷಣ ನೋಡಿ, ಹೂಂ ಎಂದು ತಲೆಯಾಡಿಸಿದಳು.

ಗಿಡುಗದ ಸಾಲು ತಗಡಿನ ಚಪ್ಪರದ ಕೆಳಗೆ, ಕಂಬಿಗಳ ನಡುವೆ ಹಾವಿನ ಹಾಗೆ ಸುತ್ತಿಕೊಂಡಿತ್ತು. ಬೆವರು, ಬಿಸ್ಕತ್ತಿನ ಪೊಟ್ಟಣ, ಕಂಕುಳಲ್ಲಿ ಮಕ್ಕಳು. ಪಟ್ಟಿ ಇದ್ದವರಿಗೆ ಬೇರೆ ದಾರಿ. ಅದು ಸಾಲಿನ ಮೇಲೆಯೇ ಹಾದುಹೋಗುವ ಒಂದು ಹಲಗೆಯ ಸೇತುವೆ. ಅದರ ಮೇಲೆ ಯಾರಾದರೂ ನಡೆದರೆ ಕೆಳಗೆ ನಿಂತವರ ತಲೆಯ ಮೇಲೆ ಧಡ್ ಧಡ್ ಎನ್ನುತ್ತಿತ್ತು, ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರು. ಮಗಳು ಸೇತುವೆಯ ಮೇಲೆ ತುದಿಗಾಲಲ್ಲಿ ನಡೆದುಹೋದಳು.

ಅಷ್ಟು ಬೇಗ ಕೆಳಗಿಳಿದು ಬಂದಳೆಂದರೆ, ನೀರು ಕುಡಿಯಲು ಅತ್ತೆ ತೆಗೆದಿದ್ದ ಬಾಟಲಿಯ ಮುಚ್ಚಳ ಇನ್ನೂ ಅತ್ತೆಯ ಕೈಯಲ್ಲೇ ಇತ್ತು.

"ಹೇಗಿತ್ತು? ಹೇಗಿತ್ತು?" ಅವನು ಎದ್ದೇ ನಿಂತ.

"ಚೆನ್ನಾಗಿತ್ತು ಅಪ್ಪ. ತುಂಬಾ ಚೆನ್ನಾಗಿತ್ತು."

"ನೋಡಿದ್ಯಾ? ಹೋಗೋದು, ಕೂರೋದು, ಬರೋದು!" ಪಕ್ಕದ ಕಲ್ಲುಬೆಂಚಿನಲ್ಲಿದ್ದ ಅಪರಿಚಿತನ ಕಡೆ ತಿರುಗಿ ಅವನು ಪಟ್ಟಿಯ ವಿಷಯ ಹೇಳತೊಡಗಿದ. ಆಗ ಮಗಳು ಅಮ್ಮನ ಹತ್ತಿರ ಬಂದು, ದನಿ ತಗ್ಗಿಸಿ, "ಅಮ್ಮಾ, ಮೇಲೆ ಒಬ್ಬಳು ಹುಡುಗಿ ಇದ್ಲು. ಅವಳ ಸರದಿ ಬಂದಿತ್ತು. ಅವಳಿಗೆ ಕೈ ಅಡ್ಡ ಹಾಕಿ ನಿಲ್ಲಿಸಿ, ಅವಳ ಜಾಗದಲ್ಲಿ ನನ್ನ ಕೂರಿಸಿದ್ರು," ಎಂದಳು.

"ಅವಳಿಗೆ ಆಮೇಲೆ ಸಿಕ್ಕಿರುತ್ತೆ ಬಿಡು."

"ಹೂಂ." ಮಗಳು ಪಟ್ಟಿಯನ್ನು ಮಣಿಕಟ್ಟಿನ ಸುತ್ತ ತಿರುಗಿಸುತ್ತಿದ್ದಳು. "ಅವಳು ನನ್ನನ್ನೇ ನೋಡ್ತಿದ್ಲು."

"ಹೋಗು ಪುಟ್ಟಿ, ಮತ್ತೆ ಹೋಗು, ಟೈಮ್ ವೇಸ್ಟ್ ಮಾಡಬೇಡ," ಎಂದು ಅಪ್ಪ ಕೂಗಿದ. ಅವಳು ಹೋದಳು.

ಊಟದ ಹೊತ್ತು ಕಳೆದರೂ ಬರಲಿಲ್ಲ. "ಇಳಿದ ಕೂಡಲೇ ಹಾಗೇ ಮೇಲಿಂದಲೇ ಮತ್ತೆ ಹತ್ತಿರ್ತಾಳೆ," ಎಂದ ಅವನು. ಗಿಡುಗದ ಬಂಡಿ ಎತ್ತರದಿಂದ ಕಿರುಚುತ್ತ ಬೀಳುವಾಗೆಲ್ಲ ಎದ್ದು ಎರಡೂ ಕೈ ಬೀಸುತ್ತಿದ್ದ. ಅಷ್ಟು ದೂರಕ್ಕೆ ಯಾರ ಮುಖವೂ ಕಾಣುತ್ತಿರಲಿಲ್ಲ. "ಅಗೋ, ಆ ಕಿತ್ತಳೆ ಬಣ್ಣದ ಕೈ, ಅದೇ ನಮ್ಮವಳು!"

"ಕಣ್ಣಾಸ್ಪತ್ರೆಯಲ್ಲಿ ಇದ್ದೂ ನಿನ್ನ ಕಣ್ಣು ಯಾರೂ ನೋಡಲಿಲ್ವಲ್ಲೋ," ಎಂದಳು ಅತ್ತೆ. "ಅದು ಗಂಡಸಿನ ಕೈ."

"ನನ್ನ ಸರದಿ ಇನ್ನೂ ಬಂದಿಲ್ಲಮ್ಮ," ಎಂದು ಅವನು ನಕ್ಕ. ಬಹಳ ದಿನದ ಮೇಲೆ ಅವನು ಹಾಗೆ ಬಾಯಿ ತುಂಬ ನಕ್ಕದ್ದು.

ಹೆಂಡತಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಶಾಲಾ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಅವಳದು. ಒಂದು ತಲೆ ಕಣ್ಣಿಗೆ ಬೀಳದಿದ್ದರೆ ಮತ್ತೆ ಮೊದಲಿನಿಂದ ಎಣಿಸುವುದು ಅವಳಿಗೆ ರೂಢಿ. ಬಾಟಲಿಗೆ ನೀರು ತುಂಬಿಸುವ ನೆಪ ಮಾಡಿ ಎದ್ದಳು. ಇಳಿಯುವ ಬಾಗಿಲಲ್ಲಿ ನಿಂತು ನೋಡಿದಳು. ಬಂಡಿಯ ಮೇಲೆ ಬಂಡಿ ಬಂತು, ಮಗಳು ಬರಲಿಲ್ಲ. ಸೇತುವೆಯ ಬಾಯಲ್ಲಿ ನಿಂತವನನ್ನು ಕೇಳಿದಳು.

"ನೀಲಿ ತುಂಬುತೋಳಿನ ಅಂಗಿ ಹಾಕಿದ ಹುಡುಗಿನಾ? ಬೆಳಿಗ್ಗೆ ಒಂದ್ಸಲ ಹೋದ್ಲು ಮೇಡಂ. ಆಮೇಲೆ ಈ ಕಡೆ ಬಂದಿಲ್ಲ."

ತಗಡಿನ ಚಪ್ಪರದ ಪಕ್ಕದಲ್ಲಿ, ನಲ್ಲಿಗಳಿದ್ದ ಓಣಿಯಲ್ಲಿ, ಓಡುವುದಕ್ಕೂ ನಡೆಯುವುದಕ್ಕೂ ನಡುವಿನ ಹೆಜ್ಜೆ ಹಾಕಿದಳು. ಯಾರಿಗೆ ಹೇಳಬೇಕು, ಮೈಕಿನಲ್ಲಿ ಹೇಗೆ ಕೂಗಿಸಬೇಕು, ಗಂಡನ ಮುಖಕ್ಕೆ ಏನೆಂದು ಉತ್ತರ ಕೊಡಬೇಕು ಎಂದೆಲ್ಲ ತಲೆಯಲ್ಲಿ ಓಡುತ್ತಿರುವಾಗಲೇ ಕಂಬಿಗಳ ಆಚೆಯಿಂದ ಒಂದು ದನಿ ಕೇಳಿಸಿತು.

"ಎಲ್ಲರದೂ ಕಾಲೇ, ಅಣ್ಣ. ಒಬ್ಬರ ಹಿಂದೆ ಒಬ್ಬರು ಬನ್ನಿ."

ಅವಳು ಕಂಬದ ಹಿಂದೆ ನಿಂತುಬಿಟ್ಟಳು. ಸಾಲಿನ ನಟ್ಟನಡುವೆ ಮಗಳು ನಿಂತಿದ್ದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ಅಷ್ಟು ಸೆಕೆಯಲ್ಲೂ ಬಲಗೈ ಮೇಲಿನ ಅಂಗಿಯ ತೋಳನ್ನು ಬೆರಳ ತುದಿಯವರೆಗೆ ಎಳೆದುಕೊಂಡು, ಅದರ ಅಂಚನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಕಂಬಿಯ ಕೆಳಗಿನಿಂದ ನುಸುಳಿದ್ದ ಇಬ್ಬರು ಕಾಲೇಜು ಹುಡುಗರು ಅವಳನ್ನು ನೋಡಿ ಹಲ್ಲು ಕಿರಿದರು.

"ಏನಮ್ಮ, ಇಲ್ಲಿ ನೀನೇ ಮೇಷ್ಟ್ರಾ?"

ಮಗಳು ದನಿ ಏರಿಸಲಿಲ್ಲ, ನಗಲೂ ಇಲ್ಲ. ಸಾಲಿನ ಬಾಲದ ಕಡೆ ಗಲ್ಲದಿಂದ ತೋರಿಸಿ ಸುಮ್ಮನೆ ಕಾದಳು. ಟೋಕನ್ ಸಾಹೇಬರು ಕಾಯುವುದೂ ಹಾಗೆಯೇ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಸರಿ ಮೇಷ್ಟ್ರೇ, ಹೊರಟ್ವಿ," ಎಂದು ಬಂದ ದಾರಿಯಲ್ಲೇ ನುಸುಳಿದರು.

ಮುಂದಿದ್ದ ಹೆಂಗಸೊಬ್ಬಳು ತಿರುಗಿ, "ಗಟ್ಟಿಗಿತ್ತಿ ಕಣೇ ನೀನು. ಒಬ್ಬಳೇನಾ? ಜೊತೆಗೆ ಯಾರೂ ಇಲ್ವಾ?" ಎಂದಳು.

"ಅಪ್ಪ ಇದ್ದಾರೆ. ಹೊರಗೆ ಕೂತು ನೋಡ್ತಿದ್ದಾರೆ."

ಆಗ ತಲೆಯ ಮೇಲೆ ಧಡ್ ಧಡ್ ಸದ್ದಾಯಿತು. ಎಲ್ಲರೂ ಕತ್ತೆತ್ತಿದರು. "ಹೋಗ್ತಾರೆ ನೋಡು, ಸ್ವರ್ಗಕ್ಕೆ ನೇರ ದಾರಿ," ಎಂದು ಯಾರೋ ಅಂದರು, ಉಳಿದವರು ನಕ್ಕರು. ಮಗಳೊಬ್ಬಳೇ ಮೇಲೆ ನೋಡಲಿಲ್ಲ. ಮುಷ್ಟಿಯನ್ನು ಇನ್ನಷ್ಟು ಬಿಗಿ ಮಾಡಿಕೊಂಡು ತನ್ನ ಚಪ್ಪಲಿ ನೋಡುತ್ತ ನಿಂತಳು.

ಕರೆಯಬೇಕೆಂದು ಕಂಬದ ಹಿಂದಿದ್ದವಳ ಬಾಯಿಗೆ ಬಂದಿತ್ತು. ಏ ಹುಚ್ಚಿ, ನಿಮ್ಮಪ್ಪ ವರ್ಷವಿಡೀ ಬೀಡಿ ಸೇದದೆ ತೆಗೆಸಿಕೊಟ್ಟ ಪಟ್ಟಿ ಅದು. ಸಾಲು ಒಂದು ಹೆಜ್ಜೆ ಸರಿಯಿತು. ಮಗಳೂ ಒಂದು ಹೆಜ್ಜೆ ಸರಿದಳು. ಅವಳು ಬಾಟಲಿಗೆ ನೀರು ತುಂಬಿಸಿಕೊಂಡು ವಾಪಸಾದಳು.

"ಪುಟ್ಟಿ ಕಂಡ್ಲಾ?" ಗಂಡ ಕೇಳಿದ.

"ಮೇಲೆ ಇದ್ದಾಳೆ."

ಮಗಳು ಬಂದಾಗ ಬಿಸಿಲು ಇಳಿದಿತ್ತು. ಈ ಸಲ ಅವಳ ಕೂದಲು ಗಾಳಿಗೆ ನೆಟ್ಟಗೆ ಎದ್ದು ನಿಂತಿತ್ತು, ಕೆನ್ನೆ ಕೆಂಪೇರಿತ್ತು, ಮಾತುಗಳು ಒಂದರ ಮೇಲೊಂದು ಬೀಳುತ್ತಿದ್ದವು. ತುದಿಯಲ್ಲಿ ಬಂಡಿ ಒಂದು ಕ್ಷಣ ನಿಂತೇಬಿಡುತ್ತದಂತೆ, ಆಗ ಇಡೀ ಊರು ಕಾಣುತ್ತದಂತೆ, ಪಕ್ಕದಲ್ಲಿ ಕೂತಿದ್ದ ಹೆಂಗಸು ಇವಳ ಕೈಯನ್ನು ಹಿಂಡಿ ಹಿಪ್ಪೆ ಮಾಡಿದಳಂತೆ.

"ಎಷ್ಟು ಸಲ ಆಯ್ತು?" ಅಪ್ಪ ಕೇಳಿದ.

ಮಗಳು ಅವನನ್ನು ನೋಡಿದಳು. ಬೆಳಿಗ್ಗೆ ಕಿಟಕಿಯ ಮುಂದೆ ನೋಡಿದ್ದಳಲ್ಲ, ಹಾಗೆಯೇ. "ಐದು."

"ಕೇಳಿದ್ಯೇನಮ್ಮ? ಐದು!"

"ಐದು ಸಲ ಹೊಟ್ಟೆ ಬಾಯಿಗೆ ಬರೋಕೆ ಮೇಲೆ ದುಡ್ಡು ಬೇರೆ ಕೊಡಬೇಕು," ಎಂದಳು ಅತ್ತೆ. ಆದರೂ ತನ್ನ ಸೆರಗಿನಿಂದ ಮೊಮ್ಮಗಳ ಮುಖ ಒರೆಸಿದಳು.

ವಾಪಸು ಬರುವ ಬಸ್ಸಿನಲ್ಲಿ ಅತ್ತೆಗೆ ಮುಂದೆ ಜಾಗ ಸಿಕ್ಕಿತು. ಉಳಿದ ಮೂವರು ಹಿಂದಿನ ಉದ್ದ ಸೀಟಿನಲ್ಲಿ ಕೂತರು. ಮಗಳು ಅಪ್ಪನ ತೋಳಿಗೆ ಒರಗಿ ನಿದ್ದೆ ಹೋದಳು. ಅವನು ತೋಳು ಅಲ್ಲಾಡಿಸದೆ, ಹೊರಗಿನ ದೀಪಗಳನ್ನು ನೋಡುತ್ತ ಕೂತ.

"ಮಾಡಿದ್ದು ಸರಿ ತಾನೇ?" ಎಂದ ಮೆಲ್ಲಗೆ. "ಇಷ್ಟು ವರ್ಷ ಊರಿಗೆಲ್ಲ ಸಾಲು ಸಾಲು ಅಂತ ಹೇಳಿಕೊಂಡು ಬಂದು, ಇವತ್ತು ನಾನೇ…" ಮುಂದಿನದನ್ನು ನುಂಗಿಕೊಂಡ. "ಐದು ಸಲ ಹೋಗಿದ್ದಾಳೆ. ಇನ್ನು ಆ ಮಾತು ಅನ್ನಲ್ಲ, ಅಲ್ವಾ?"

ಅವಳು ಮಗಳ ಕಡೆ ನೋಡಿದಳು. ಮುಚ್ಚಿದ ರೆಪ್ಪೆ ಒಂದಿಷ್ಟೂ ಅದುರುತ್ತಿರಲಿಲ್ಲ, ನಿಜವಾಗಿಯೂ ನಿದ್ದೆಯೇ. ಈಗ ಹೇಳಿದರೆ ಇವನು ಏನು ಮಾಡಿಯಾನು? ಬೀಗುತ್ತಾನೋ, ಕುಸಿಯುತ್ತಾನೋ. ಇಷ್ಟು ವರ್ಷ ಜೊತೆಯಲ್ಲಿ ಬಾಳಿದವಳಿಗೂ ಅದು ಗೊತ್ತಾಗಲಿಲ್ಲ.

"ಇಲ್ಲ ರೀ," ಎಂದಳು. "ಇನ್ನು ಅನ್ನಲ್ಲ."

ಅವನು ಉಸಿರು ಬಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಅವಳ ಕಡೆ ವಾಲಿ, "ಈ ವಿಷಯ ಆಸ್ಪತ್ರೆಯವರ ಕಿವಿಗೆ ಬೀಳದ ಹಾಗೆ ನೋಡ್ಕೋ. ಟೋಕನ್ ಸಾಹೇಬರು ದುಡ್ಡು ಕೊಟ್ಟು ಸಾಲು ಹಾರಿಸಿದ್ರು ಅಂತ ಆಡ್ಕೊಂಡು ನಗ್ತಾರೆ. ಯಾರಿಗೂ ಹೇಳಬೇಡ, ಆಯ್ತಾ?" ಎಂದ.

"ಆಯ್ತು," ಎಂದಳು ಅವಳು. "ಯಾರಿಗೂ ಹೇಳಲ್ಲ."

ಕಿಟಕಿಯಿಂದ ತಣ್ಣನೆಯ ಗಾಳಿ ನುಗ್ಗುತ್ತಿತ್ತು. ಅವಳು ಎದ್ದು, ಇಬ್ಬರ ಮೇಲಿಂದ ಬಾಗಿ, ಗಾಜನ್ನು ಸದ್ದಾಗದಂತೆ ಎಳೆದು ಮುಚ್ಚಿದಳು.