ಹೆಪ್ಪಿಗೂ ಸೂತಕ

ಹಾರನಹಳ್ಳಿಯ ಸಮಸ್ತ ಹಾಲು-ಮೊಸರಿನ ಬಳಗಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕುಳ್ಳಮ್ಮ ಇನ್ನು ಮುಂದೆ ಯಾರ ಬಾಗಿಲಲ್ಲೂ ಹೆಪ್ಪಿಗಾಗಿ ಬಟ್ಟಲು ಹಿಡಿಯುವುದಿಲ್ಲ!

ಘೋಷಣೆ ಹೊರಡಿಸಿದ್ದು ಖುದ್ದು ಕುಳ್ಳಮ್ಮ, ಎಸ್‌ಟಿಡಿ ಬೂತಿನ ಮುಂದೆ, ಎದುರುಮನೆ ಮರಮ್ಮನಿಗೆ ಕೇಳುವಷ್ಟು ಗಟ್ಟಿಯಾಗಿ. ಬೇಸಿಗೆ ಬಂದರೆ ಕುಳ್ಳಮ್ಮನ ಹೆಪ್ಪು ಕೆಡುತ್ತಿತ್ತು. ಆಗ ಮರಮ್ಮ ಒಂದು ಚಮಚ ಮೊಸರಿಗೆ ಎರಡು ಚಮಚ ಮಾತು ಬೆರೆಸಿ ಕೊಡುತ್ತಿದ್ದಳು: "ಇದ್ನಾದ್ರೂ ಬದುಕಿಸ್ಕೊ ಕಣಕ್ಕ."

ಆ ಮಾತು ಕುಳ್ಳಮ್ಮನ ಎದೆಯಲ್ಲಿ ಹೆಪ್ಪುಗಟ್ಟಿತ್ತು. ಅದಕ್ಕೇ ಮರಮ್ಮ ಕೊಟ್ಟ ಹೆಪ್ಪು ಕೆಡುವ ಮೊದಲೇ ಅದನ್ನು ಮೈಸೂರಿನ ಲ್ಯಾಬಿನಲ್ಲಿದ್ದ ತಂಗಿಮಗಳು ಸುಧಾಳಿಗೆ ಕೊಟ್ಟು ಕಳಿಸಿದ್ದಳು. ಅದೀಗ ಗಾಜಿನ ಸೀಸೆಯಲ್ಲಿ ಬಿಳಿ ಪುಡಿಯಾಗಿ, ರಜೆಗೆ ಬಂದ ಸುಧಾಳ ಜೊತೆಯಲ್ಲೇ ಮರಳಿತ್ತು.

"ಹೆಪ್ಪನ್ನೇ ಹೆಪ್ಪುಗಟ್ಟಿಸಿದ್ವಿ ದೊಡ್ಡಮ್ಮ. ಆಮೇಲೆ ಸುತ್ತಲ ಗಾಳಿನೆಲ್ಲ ಪಂಪಲ್ಲಿ ಹೊರಗೆಳೆದ್ರೆ ಐಸು ಕರಗದೇ ಆವಿಯಾಗುತ್ತೆ. ನೀರು ಹೋಯ್ತು, ಜೀವಾಣು ಉಳೀತು. ಸತ್ತಿಲ್ಲ, ನಿದ್ದೆ ಮಾಡ್ತಿವೆ."

"ಜೀವದಾಣೆ ಕಣ್ರೇ!" ಕುಳ್ಳಮ್ಮ ಸೀಸೆಯನ್ನು ಬೀದಿಗೆಲ್ಲ ತೋರಿಸಿದಳು. "ಕೋಟಿ ಜೀವ ಅವೆ ಇದ್ರಲ್ಲಿ! ನಮ್ಮನೆ ಮಕ್ಳಂಗೆ ಮಲ್ಗವೆ!"

ಸೀಸೆ ರಾಗಿ ಡಬ್ಬ ಸೇರಿತು. ಅಷ್ಟರಲ್ಲಿ ಕೆ.ಆರ್. ನಗರದಲ್ಲಿ ಗಂಡನ ದಾಯಾದಿ ಅಜ್ಜ ತೀರಿಕೊಂಡ. ಸೂತಕ ಕಳೆಯುವ ದಿನ ಪದ್ಧತಿಯಂತೆ ಮನೆಯ ಹಾಲು ಮೊಸರೆಲ್ಲ ತಿಪ್ಪೆಗೆ ಹೋಯಿತು. ಕುಳ್ಳಮ್ಮ ನಗುನಗುತ್ತಾ ಸೀಸೆ ತೆಗೆದಳು.

"ಅದ್ನೂ ಚೆಲ್ಲು," ಎಂದ ಊರ ಯಜಮಾನ ಸಣ್ಣಬೀರಯ್ಯ. ಮೊಸರಲ್ಲಿ ಕಲ್ಲು ಹುಡುಕುವ ಆಸಾಮಿ, ಈಗ ಮೊಸರಿಲ್ಲದೆಯೂ ಹುಡುಕಿದ.

"ಯಾಕ್ ಚೆಲ್ಲಾನ? ಒಣಗಿದ್ದಕ್ಕೆ ಸೂತಕಿಲ್ಲ, ಉಪ್ಪು ರಾಗಿ ಇರ್ಲಿ ಅಂದೋರು ನೀವೇಯ. ಉಪ್ಪಿಗಿಲ್ದಿದ್ ಸೂತಕ ಎಪ್ಪಿಗೆಂಗ್ ಬತ್ತದೆ?"

ಯಜಮಾನ ಬಗ್ಗಿ ಸೀಸೆಯನ್ನು ಮೂಸಿ ನೋಡಿದ. ಆಗ ಮರಮ್ಮ ಬಾಯಿ ಹಾಕಿದಳು.

"ಉಪ್ಪಿಗೆ ಜೀವ ಇಲ್ಲ ಬುಡಿ. ಇವು ಮನೆ ಮಕ್ಳು ಅಂತ ಅಕ್ಕನೇ ಆಣೆ ಇಕ್ಕವ್ಳೆ. ಮನೆ ಮಂದಿ ಎಲ್ಲಾ ತಲೆಗ್ ನೀರು ಉಯ್ಕಂಡವ್ರೆ, ಇವೂ ಉಯ್ಕಳ್ಲಿ!"

"ಅದು ಸರಿ," ಎಂದ ಸಣ್ಣಬೀರಯ್ಯ.

"ಬಿಸಿನೀರಿಗೆ ಸತ್ತೇಹೋಗ್ತವೆ!" ಎಂದು ಸುಧಾ ಕೂಗುವಷ್ಟರಲ್ಲಿ ಮರಮ್ಮ ಹಂಡೆಯ ಕುದಿನೀರನ್ನು ಸೀಸೆಗೆ ಸುರಿದಾಗಿತ್ತು.

ಕುಳ್ಳಮ್ಮ ಅಳಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಸತ್ವು. ಸರಿ. ಯಾರ್ ಮನೆ ಎಪ್ಪು ಕಣೇ ಅದು? ನಿಂದೇಯ! ನಿನ್ ಗಡಿಗೇಲಿರೋವು ಇವುಕ್ಕೆ ದಾಯಾದಿಗಳು. ಸೂತಕ ಈಗ ನಿನ್ ಮೊಸರ್ಗೆ. ಚೆಲ್ಲಿಸ್ರಿ ಯಜಮಾನ್ರೇ!"

ಸಣ್ಣಬೀರಯ್ಯ ತನ್ನ ತೀರ್ಪಿನಲ್ಲೇ ಕಲ್ಲು ಹುಡುಕಿದ. ಸಿಗಲಿಲ್ಲ. ಮರಮ್ಮನ ಗಡಿಗೆಯೂ ತಿಪ್ಪೆಗೆ ಹೊರಟಿತು.