ಅವ್ವನ ಪಕ್ಕ

ಅಂಕಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾಳಕ್ಕ ಕೂದಲ ಸಿಕ್ಕು ಬಿಡಿಸುತ್ತಿದ್ದಳು. ಬಾಚಣಿಗೆ ಸಿಕ್ಕಿಕೊಂಡಾಗಲೆಲ್ಲ, ಇನ್ನೂ ನೋಯುತ್ತದೇನೋ ಎಂಬಂತೆ, ಬುಡವನ್ನು ಎಡಗೈಯಲ್ಲಿ ಬಿಗಿಹಿಡಿದು ಮೆಲ್ಲಗೆ ಎಳೆಯುತ್ತಿದ್ದಳು. ಹೆಂಗಸರು ಆಗಲೇ ಮೈ ತೊಳೆದು ಸೀರೆ ಉಡಿಸಿದ್ದರು. ಹುಳಿಯಾರಿನ ಮೀಟಿಂಗಿಗೆ ಹೋಗುವಾಗ ಮಾತ್ರ ಅಂಕಮ್ಮ ಉಡುತ್ತಿದ್ದ ನೀಲಿ ಅಂಚಿನ ಸೀರೆ ಅದು. ಮಂಜಮ್ಮ ಕಾಲ ಬಳಿ ಕೂತು ನೆರಿಗೆ ಸರಿಮಾಡುತ್ತಿದ್ದಳು. ಅವಳ ಮಗಳು ಬಿಂದುಶ್ರೀ, ಹೈಸ್ಕೂಲಿಗೆ ಹೋಗುವ ಹುಡುಗಿ, ಬಾಗಿಲ ಬಳಿ ಹೂ ಕಟ್ಟುತ್ತಿದ್ದವಳು ಆಗಾಗ ಕೈ ನಿಲ್ಲಿಸಿ ಮೂಗು ಒರೆಸಿಕೊಳ್ಳುತ್ತಿದ್ದಳು.

ಹೆಣ ಮಲಗಿದ್ದದ್ದು ಅಂಗನವಾಡಿಯಲ್ಲೇ. ಹಿಂದಿನ ದಿನ ಮಧ್ಯಾಹ್ನ ಮಕ್ಕಳಿಗೆ ಊಟ ಬಡಿಸಿದ ಮೇಲೆ ಅಂಕಮ್ಮ ಎದೆ ಹಿಡಿದಂತಾಗುತ್ತದೆ ಅಂದಿದ್ದಳು. ಚಾಪೆ ಹಾಸಿ, ಕಾಳಕ್ಕನ ತೊಡೆಯ ಮೇಲೆ ತಲೆಯಿಟ್ಟು ಮಲಗಿಸಿ ಹುಳಿಯಾರಿಗೆ ಗಾಡಿಗೆ ಹೇಳಿ ಕಳಿಸಿದರು. ಗಾಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬೆಳಗಿನ ಬಸ್ಸಿಗೆ ಅವಳ ಅಣ್ಣ ಗಂಗಾಧರಯ್ಯ ದಬ್ಬೇಘಟ್ಟದಿಂದ ಬಂದಿದ್ದ. ಒಬ್ಬನೇ ಬಂದಿದ್ದ. ಅವನು ಬಸ್ಸಿಳಿದು ನಡೆದು ಬಂದದ್ದನ್ನು ನೋಡಿದಾಗಲೇ ಕಾಳಕ್ಕನಿಗೆ ಒಂದು ವಿಷಯ ಹೊಳೆದಿತ್ತು. ಹೆಣ ಒಯ್ಯಲು ಬರುವವರು ಯಾರೂ ಬಸ್ಸಿನಲ್ಲಿ ಬರುವುದಿಲ್ಲ.

ಈಗ ಜಗಲಿಯ ಮೇಲೆ ಅದೇ ಮಾತು ನಡೆದಿತ್ತು. ಗಂಡನ ಕಡೆಯವರು ಅಮ್ಮಸಂದ್ರದಲ್ಲಿದ್ದಾರೆ, ಆದರೆ ಅವನು ಕಾಮಾಲೆಯಾಗಿ ಸತ್ತ ವರ್ಷವೇ ಸಂಬಂಧ ಕಡಿದುಹೋಗಿದೆ, ಅಲ್ಲಿಗೆ ಕೊಂಡೊಯ್ಯುವ ಹಾಗಿಲ್ಲ ಎಂದು ಗಂಗಾಧರಯ್ಯ ಹೇಳುತ್ತಿದ್ದ. ತಮ್ಮ ಊರಿನಲ್ಲೂ ತೋಟ ಭಾಗವಾಗಿದೆ, ಅಣ್ಣತಮ್ಮಂದಿರಲ್ಲಿ ಮಾತಿಲ್ಲ, ಸ್ವಲ್ಪ ತೊಡಕಿದೆ ಎಂದು ಧ್ವನಿ ತಗ್ಗಿಸಿದ. ಆಮೇಲೆ ಹುಳಿಯಾರಿನ ಕಡೆ ಸರ್ಕಾರಿ ಸ್ಮಶಾನ ಇದೆಯೇ ಎಂದು ಕೇಳಿದ.

ಕಾಳಕ್ಕ ಬಾಚಣಿಗೆಯನ್ನು ಕೆಳಗಿಟ್ಟಳು.

* * *

ಅಂಕಮ್ಮ ಮೊದಲು ಈ ಗೊಲ್ಲರಹಟ್ಟಿಗೆ ಅಂಗನವಾಡಿ ಟೀಚರಾಗಿ ಬಂದಾಗ ಕಾಳಕ್ಕನಿಗೆ ಅವಳ ಮೇಲೆ ಅಂಥ ನಂಬಿಕೆಯೇನೂ ಇರಲಿಲ್ಲ. ತೆಂಗಿನ ತೋಟದವರ ಮನೆಯ ಮಗಳು, ಈ ಕುರುಚಲು ಕಾಡಿನಲ್ಲಿ ಎಷ್ಟು ದಿನ ಇದ್ದಾಳು ಅಂದುಕೊಂಡಿದ್ದಳು. ಕಾಳಕ್ಕ ಅಂಗನವಾಡಿಯ ಸಹಾಯಕಿ. ನೀರು ತಂದು, ಒಲೆ ಹಚ್ಚಿ, ಮಕ್ಕಳಿಗೆ ಉಪ್ಪಿಟ್ಟು ಮಾಡುವುದು ಅವಳ ಕೆಲಸ.

ಇಲಾಖೆ ಕೊಟ್ಟ ಚಿತ್ರಗಳಲ್ಲಿ ಒಂದು ಮೇಜು ಇತ್ತು, ಅದರ ಕೆಳಗೆ ಒಂದು ಚೆಂಡು. ಚೆಂಡು ಎಲ್ಲಿದೆ ಎಂದು ಅಂಕಮ್ಮ ಕೇಳಿದರೆ ಮಕ್ಕಳು ಬೆರಳು ಚಾಚಿ "ಅಲ್ಲಿ" ಅನ್ನುತ್ತಿದ್ದವು. ಬೇರೆ ಚಿತ್ರ ತೋರಿಸಿದರೂ "ಅಲ್ಲಿ". ಹಟ್ಟಿಯ ಯಾವ ಮನೆಯಲ್ಲೂ ಮೇಜು ಇರಲಿಲ್ಲ. ಅದು ಯಾವ ಪ್ರಾಣಿ ಎಂದು ಒಂದು ಮಗು ಕೇಳಿಯೂ ಇತ್ತು.

"ಅಲ್ಲಿ ಅನ್ನೋದು ಜಾಗ ಅಲ್ಲ ಕಂದಾ," ಎಂದಿದ್ದಳು ಅಂಕಮ್ಮ. "ಬೆರಳು ಕಾಣದೇ ಇರೋರಿಗೂ ಗೊತ್ತಾಗ್ಬೇಕು, ಹಂಗೆ ಹೇಳು."

ಮರುದಿನ ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ, ಅಟ್ಟದ ಮೇಲೆ ಕೂತ ಬೆಕ್ಕನ್ನು ತಾನೇ ಬರೆದಳು. ಅದು ಬಾಲವಿರುವ ಬದನೆಕಾಯಿಯ ಹಾಗಿತ್ತು. ಮಕ್ಕಳು ಬಿದ್ದು ಬಿದ್ದು ನಕ್ಕವು. ಒಲೆಯ ಮುಂದೆ ಕೂತಿದ್ದ ಕಾಳಕ್ಕನಿಗೆ ಸಹಿಸಲಾಗಲಿಲ್ಲ. ಆರಿದ ಇದ್ದಿಲ ಚೂರು ತಗೊಂಡು ಬಂದು, ನೆಲದ ಮೇಲೇ, ಬೆನ್ನು ಬಿಲ್ಲಾಗಿಸಿ ಮೈ ಮುರಿಯುತ್ತಿರುವ ಬೆಕ್ಕನ್ನು ಬರೆದುಬಿಟ್ಟಳು. ಅವಳು ಹುಟ್ಟಿದಾಗಿನಿಂದ ಪೆನ್ಸಿಲ್ ಹಿಡಿದವಳಲ್ಲ. ಗೋಡೆಗೆ ಕೆಮ್ಮಣ್ಣು ಬಳಿದು ಸುಣ್ಣದಲ್ಲಿ ಚಿತ್ತಾರ ಇಕ್ಕುವುದು ಮಾತ್ರ ಗೊತ್ತಿತ್ತು. ಅಂಕಮ್ಮ ಬೆಕ್ಕನ್ನು ನೋಡಿದಳು, ಕಾಳಕ್ಕನನ್ನು ನೋಡಿದಳು, ತನ್ನ ಕೈಲಿದ್ದ ಹಾಳೆಯನ್ನು ಮಡಿಸಿ ಒಲೆಗೆ ಹಾಕಿದಳು.

ಅಲ್ಲಿಂದ ಚಿತ್ರ ಕಾಳಕ್ಕನದು, ಮಾತು ಅಂಕಮ್ಮನದು. ಮಂಕರಿಯ ಕೆಳಗೆ ಹೇಂಟೆ. ಎರಡು ಹಸುಗಳ ನಡುವೆ ಕರು. ಗುಡಾಣದ ಒಳಗೆ ರಾಗಿ. ಇಬ್ಬರಿಗೂ ಜಗಳ ಬಂದದ್ದು 'ಹಿಂದೆ' ಎಂಬುದರ ಮೇಲೆ. ಮರದ ಹಿಂದಿರುವ ಮೇಕೆ ಕಾಣುವುದಾದರೂ ಹೇಗೆ? ಕಾಣದಿದ್ದರೆ ಬರೆಯುವುದು ಹೇಗೆ? ಕಾಳಕ್ಕ ಒಂದು ದಿನವೆಲ್ಲ ಯೋಚಿಸಿ, ಮರದ ಒಂದು ಬದಿಗೆ ಎರಡು ಕೊಂಬು, ಇನ್ನೊಂದು ಬದಿಗೆ ಮೋಟು ಬಾಲ ಬರೆದಳು. ಉಳಿದ ಮೇಕೆ ಎಲ್ಲಿ ಹೋಯಿತು ಎಂದು ಅಂಕಮ್ಮ ಕೇಳಿದ್ದೇ ತಡ, ಇಡೀ ಅಂಗನವಾಡಿ ಒಂದೇ ಬಾಯಲ್ಲಿ "ಮರದ ಹಿಂದೆ" ಎಂದು ಕೂಗಿತು. ಆ ದಿನ ಅಂಕಮ್ಮನ ಕಣ್ಣಲ್ಲಿ ನೀರು ಬರುವಷ್ಟು ನಗು ಬಂದದ್ದು ಕಾಳಕ್ಕನಿಗೆ ನೆನಪಿದೆ.

* * *

ಜುಂಜಯ್ಯ ಊರುಗೋಲು ಊರಿಕೊಂಡು ಬಂದ. ಹಟ್ಟಿಯ ಹಿರಿಯ, ದೇವರ ಪೂಜೆಯೂ ಅವನದೇ. ಕಣ್ಣು ಮಂಜಾಗಿ ಒಂದೆರಡು ವರ್ಷವಾಗಿತ್ತು. ಸ್ಮಶಾನದ ಮಾತು ಅವನ ಕಿವಿಗೆ ಯಾರೋ ಹಾಕಿದ್ದರು.

"ಎಲ್ಲೂ ಬ್ಯಾಡ ಬುಡಿ ಅಯ್ಯಾ," ಎಂದ ಗಂಗಾಧರಯ್ಯನಿಗೆ. "ನಮ್ಮೋರ್ನ ಇಕ್ಕೋ ಜಾಗದಾಗೆ ಇಕ್ತೀವಿ. ಇವತ್ತಿನ್ಗಂಟ ಬ್ಯಾರೇರ್ನ ಅಲ್ಲಿಗೆ ಬಿಟ್ಟಿಲ್ಲ. ಈಯಮ್ಮ ಬ್ಯಾರೆ ಅಲ್ಲ."

ಇಂಥ ಮಾತು ಜುಂಜಯ್ಯನ ಬಾಯಲ್ಲಿ ಬರುತ್ತದೆಂದು ಹಟ್ಟಿಯಲ್ಲಿ ಯಾರೂ ಎಣಿಸಿರಲಿಲ್ಲ. ಒಳಗೆ ಮಂಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

* * *

ಬಿಂದುಶ್ರೀಗೆ ಆಗ ನಾಲ್ಕು ವರ್ಷ. ಮಂಜಮ್ಮ ಎರಡನೆಯ ಕೂಸನ್ನು ಹೆತ್ತಿದ್ದಳು. ಹಟ್ಟಿಯ ಮುಳ್ಳುಬೇಲಿಯ ಆಚೆ ಬಾಣಂತಿಗೊಂದು ಗುಡ್ಲು ಹಾಕಿ ಕೂಸಿನೊಂದಿಗೆ ಅಲ್ಲೇ ಇರಿಸುವುದು ನಡೆದುಬಂದ ಕಟ್ಟಳೆ. ಹುಟ್ಟಿನ ಸೂತಕ ಕಳೆಯುವವರೆಗೆ ಒಳಗೆ ಬಂದರೆ ದೇವರು ಮುನಿಯುತ್ತಾನೆ. ಕಾಳಕ್ಕನೂ ಹಾಗೇ ಇದ್ದು ಬಂದವಳು, ಅವಳ ಅವ್ವನೂ.

ಆ ವಾರ ಅಂಕಮ್ಮ 'ಒಳಗೆ, ಹೊರಗೆ' ಪಾಠ ಹೇಳುತ್ತಿದ್ದಳು. ಕಾಳಕ್ಕ ಒಂದು ಗುಡ್ಲು ಬರೆದು, ಅದರಲ್ಲಿ ಕೂಸನ್ನು ಎತ್ತಿಕೊಂಡು ಕೂತ ಹೆಂಗಸನ್ನು ಬರೆದಿದ್ದಳು. ಯಾವ ಯೋಚನೆಯೂ ಇಲ್ಲದೆ ಬರೆದದ್ದು.

"ಅಮ್ಮ ಎಲ್ಲವ್ಳೆ?" ಎಂದು ಅಂಕಮ್ಮ ಕೇಳಿದಳು.

"ಹೊರಗೆ," ಎಂದಳು ಬಿಂದುಶ್ರೀ.

"ಸರಿಯಾಗಿ ನೋಡು. ಗುಡ್ಲು ಒಳಗಲ್ವಾ?"

"ಊಹ್ಞೂಂ. ನಮ್ಮವ್ವ ಹೊರಗವ್ಳೆ."

ಉಳಿದ ಮಕ್ಕಳೂ ಹೊರಗೆ ಅಂದವು. ಅಂಕಮ್ಮ ಚಿತ್ರವನ್ನು ಹಿಡಿದುಕೊಂಡೇ ನಿಂತಿದ್ದಳು. ಹೊರಗೆ ಸೋನೆ ಹಿಡಿದು ಎರಡು ದಿನವಾಗಿತ್ತು. ಮಕ್ಕಳನ್ನು ಮನೆಗೆ ಕಳಿಸಿದ ಮೇಲೆ ಅವಳು ಸೆರಗು ಹೊದ್ದು ಮಂಜಮ್ಮನ ಗುಡ್ಲಿಗೆ ಹೋದಳು. ಸೋಗೆ ಸೋರಿ ನೆಲವೆಲ್ಲ ಕೆಸರು. ಮಂಜಮ್ಮ ಕೂಸನ್ನು ಎದೆಗವಚಿಕೊಂಡು, ಬೆನ್ನನ್ನು ಮಳೆಗೆ ಕೊಟ್ಟು ಕೂತಿದ್ದಳು. ಕೂಸಿನ ಮೈ ತಣ್ಣಗಿತ್ತು.

ಅಂಕಮ್ಮ ಅಲ್ಲಿಂದ ನೇರ ಜುಂಜಯ್ಯನ ಮನೆಗೆ ಹೋದಳು. ಕಾಳಕ್ಕ ಹೆದರಿಕೊಂಡು ಹಿಂದೆ ಹಿಂದೆ ಹೋದಳು. ಈಗ ಕಟ್ಟಳೆಯ ಮೇಲೆ ಮಾತು ಬೆಳೆಯುತ್ತದೆ, ನಾಳೆಯಿಂದ ಒಂದು ಮಗುವೂ ಅಂಗನವಾಡಿಗೆ ಬರುವುದಿಲ್ಲ ಅಂದುಕೊಂಡಿದ್ದಳು. ಆದರೆ ಅಂಕಮ್ಮ ಕಟ್ಟಳೆಯ ಸುದ್ದಿಯನ್ನೇ ಎತ್ತಲಿಲ್ಲ.

"ಯಜಮಾನ್ರೇ, ಅಂಗನವಾಡಿ ಬೇಲಿಯಿಂದ ಒಳಗೈತೋ, ಹೊರಗೈತೋ?"

"ಕಟ್ಸೋವಾಗ ನಾನೇ ನಿಂತಿದ್ದೆ. ಹೊರಗೇ ಐತೆ," ಎಂದ ಜುಂಜಯ್ಯ.

"ಹಂಗಾದ್ರೆ ಬಾಣಂತಿ ಅಲ್ಲಿದ್ರೂ ಹೊರಗೇ ಇದ್ದಂಗಾಯ್ತು. ಅಲ್ಲಿ ಹೆಂಚೈತೆ, ಸೋರಲ್ಲ."

ಜುಂಜಯ್ಯ ಬೇಲಿಯ ಕಡೆ ನೋಡಿದ. ಹೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ಎದ್ದು ಒಳಗೆ ಹೋದ. ಆ ಸಂಜೆಯೇ ಅಂಕಮ್ಮ ಮತ್ತು ಕಾಳಕ್ಕ ಬಾಣಂತಿಯನ್ನೂ ಕೂಸನ್ನೂ ಅಂಗನವಾಡಿಗೆ ಕರೆತಂದರು. ಬೆಳಿಗ್ಗೆ ಬಾಗಿಲು ತೆರೆದರೆ ಜಗಲಿಯ ಮೇಲೆ ಒಂದು ಹೊರೆ ಒಣ ಸೌದೆ ಇತ್ತು. ಜುಂಜಯ್ಯನ ಹಿತ್ತಲಿನ ಸೌದೆ ಅದೆಂದು ಕಾಳಕ್ಕನಿಗೆ ನೋಡಿದೊಡನೆ ತಿಳಿಯಿತು. ಆಮೇಲೆ ಹಟ್ಟಿಯಲ್ಲಿ ಹೆತ್ತವರೆಲ್ಲ ಅಂಗನವಾಡಿಯ ಹಿಂದಿನ ಕೋಣೆಯಲ್ಲೇ ಇದ್ದರು. ಅವರಿಗೆ ಜೊತೆಯಾಗಿರುತ್ತೇನೆಂದು ಹುಳಿಯಾರಿನ ಬಾಡಿಗೆ ಮನೆ ಬಿಟ್ಟು ಬಂದ ಅಂಕಮ್ಮ ಕೊನೆಗೆ ಅಲ್ಲೇ ಉಳಿದುಬಿಟ್ಟಳು.

* * *

ಹುಡುಗರು ಆಗಲೇ ಹಾರೆ, ಗುದ್ದಲಿ ತರಲು ಎದ್ದಿದ್ದರು. ಗಂಗಾಧರಯ್ಯನ ಮುಖ ಸಡಿಲಾಗಿತ್ತು. ದೊಡ್ಡ ಹೊರೆಯೊಂದನ್ನು ಯಾರೋ ಇಳಿಸಿಕೊಂಡ ಹಾಗೆ ಅವನು ಗೋಡೆಗೆ ಒರಗಿ ನೀರು ಕೇಳಿ ಕುಡಿದ.

ಕಾಳಕ್ಕ ಒಳಗೇ ನಿಂತಿದ್ದಳು. ಅವಳಿಗೆ ಬೇಕಾಗಿದ್ದದ್ದೂ ಇದೇ. ಟೀಚರಮ್ಮ ಇಲ್ಲೇ ಇರುತ್ತಾಳೆ. ಸೌದೆಗೆ ಹೋಗುವಾಗ, ಬರುವಾಗ ಕಾಣುತ್ತಾಳೆ. ಹಬ್ಬಕ್ಕೆ ಎಡೆ ಇಡಬಹುದು. ಮುಂದೆ ತನ್ನನ್ನೂ ಅಲ್ಲೇ ಇಡುತ್ತಾರೆ. ಬಾಯಿ ಮುಚ್ಚಿಕೊಂಡಿದ್ದರೆ ಆಯಿತು, ಎಲ್ಲ ತಾನಾಗಿಯೇ ಆಗುತ್ತದೆ.

ಆದರೆ ಕಳೆದ ತಿಂಗಳು ಅಂಕಮ್ಮನಿಗೆ ಜ್ವರ ಬಂದಿತ್ತು. ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕಾಳಕ್ಕ ಪಕ್ಕದಲ್ಲಿದ್ದಳು. ಸತ್ತರೆ ಎಲ್ಲಾದರೂ ಒಂದು ಕಡೆ ಹಾಕುತ್ತಾರೆ ಎಂದು ಅಂಕಮ್ಮ ಸುಮ್ಮನೆ ಅಂದಿದ್ದಳು. ಅವಳ ಪಾಠವನ್ನೇ ಅವಳಿಗೆ ತಿರುಗಿಸುವ ತಮಾಷೆಗೆ ಕಾಳಕ್ಕ, ಎಲ್ಲಾದ್ರೂ ಅನ್ನೋದು ಜಾಗ ಅಲ್ಲ ಟೀಚರಮ್ಮ, ಸರಿಯಾಗಿ ಹೇಳಿ ಎಂದಿದ್ದಳು. ಅಂಕಮ್ಮ ನಗಲಿಲ್ಲ. ಕಣ್ಣು ಮುಚ್ಚಿಕೊಂಡೇ, ಸಣ್ಣ ಮಗು ಉತ್ತರ ಹೇಳುವ ಹಾಗೆ ಎರಡೇ ಮಾತು ಹೇಳಿದ್ದಳು.

ಕಾಳಕ್ಕ ಹೊಸ್ತಿಲಿಗೆ ಬಂದಳು.

"ಅಯ್ಯಾ, ಗುಂಡಿ ತೆಗೆಯೋದು ಒಂದ್ಗಳಿಗೆ ತಡೀರಿ. ಎಲ್ಲಿ ಅಂತ ಟೀಚರಮ್ಮ ನಂತಾವ ಹೇಳವ್ರೆ."

ಗಂಗಾಧರಯ್ಯ ಲೋಟ ಕೆಳಗಿಟ್ಟ. "ಎಲ್ಲಿ?"

"ಅವ್ವನ ಪಕ್ಕ."

ಗಂಗಾಧರಯ್ಯ ಅವಳನ್ನು ನೋಡಿದ, ಆಮೇಲೆ ತನ್ನ ಕೈಗಳನ್ನು ನೋಡಿಕೊಂಡ. ಅವ್ವನ ಸಮಾಧಿ ತೋಟದಲ್ಲಿದೆ, ಒಂದು ಮಗ್ಗುಲಿಗೆ ಕಾಲುವೆ ಹರಿಯುತ್ತದೆ, ಇನ್ನೊಂದು ಮಗ್ಗುಲು ಭಾಗದಲ್ಲಿ ತಮ್ಮ ಕೆಂಚಪ್ಪನಿಗೆ ಹೋಗಿದೆ ಎಂದು ಬಿಡಿಸಿ ಹೇಳಿದ. ಬೆಳಿಗ್ಗೆ ಬರುವ ಮುಂಚೆ ಕೇಳಿದ್ದನಂತೆ. ಗಂಡನ ಮನೆಗೆ ಹೋದವಳಿಗೆ ನನ್ನ ಭಾಗದಲ್ಲಿ ಯಾಕೆ ಗುಂಡಿ ಎಂದು ಕೆಂಚಪ್ಪ ಬಾಗಿಲು ಹಾಕಿಕೊಂಡನಂತೆ. ಹೇಳುತ್ತಾ ಹೇಳುತ್ತಾ ಜಗಲಿಯ ಮೇಲೆ ಅಷ್ಟು ಜನರ ಮುಂದೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಜುಂಜಯ್ಯ ಕೋಲಿನಿಂದ ನೆಲ ತಟ್ಟಿದ. "ಹೆಣ್ಮಗಳು ಜಾಗ ಹೇಳಿದ್ಮೇಲೆ ಮುಗೀತು. ಗಾಡಿ ತರ್ಸ್ರಿ. ನಾನೂ ಬತ್ತೀನಿ."

* * *

ಕೊಬ್ಬರಿ ಸಾಗಿಸುವ ಟೆಂಪೋ ಸಿಕ್ಕಿತು. ಹೆಣದ ಸುತ್ತ ಹಟ್ಟಿಯ ಹೆಂಗಸರು ಒತ್ತಿಕೊಂಡು ಕೂತರು. ದಾರಿಯುದ್ದಕ್ಕೂ ತಲೆ ಅಲುಗದಂತೆ ಕಾಳಕ್ಕ ಎರಡೂ ಕೈ ಕೊಟ್ಟು ಹಿಡಿದಿದ್ದಳು. ಚಿಕ್ಕನಾಯಕನಹಳ್ಳಿ ದಾಟಿದ ಮೇಲೆ ಕುರುಚಲು ಮುಗಿದು ಎರಡೂ ಕಡೆ ತೆಂಗು ಶುರುವಾಯಿತು. ಅಂಕಮ್ಮನ ಊರನ್ನು ಕಾಳಕ್ಕ ನೋಡುತ್ತಿದ್ದದ್ದು ಅದೇ ಮೊದಲು.

ತೋಟದ ಬಾಯಲ್ಲಿ ಕೆಂಚಪ್ಪ ನಿಂತಿದ್ದ. ಅಣ್ಣನ ಮುಖ ನೋಡಲಿಲ್ಲ. ಟೆಂಪೋದಿಂದ ಒಬ್ಬೊಬ್ಬರಾಗಿ ಇಳಿಯುತ್ತಿದ್ದ ಹೆಂಗಸರನ್ನು ನೋಡುತ್ತಿದ್ದ. ಇಳಿಯುವವರು ಮುಗಿಯುತ್ತಲೇ ಇರಲಿಲ್ಲ. ಹಿಂದೆ ಇನ್ನೊಂದು ಗಾಡಿ, ಅದರ ಹಿಂದೆ ಬೈಕುಗಳು. ಕೊನೆಗೆ ಇಬ್ಬರು ತೋಳು ಹಿಡಿದು ಜುಂಜಯ್ಯನನ್ನು ಇಳಿಸಿದರು.

"ಇವರೆಲ್ಲ ಯಾರು?" ಎಂದ ಕೆಂಚಪ್ಪ.

"ನಿಮ್ಮಕ್ಕನ ಮಕ್ಕಳು, ಮಕ್ಕಳ ತಾಯಂದಿರು," ಎಂದಳು ಮಂಜಮ್ಮ.

ಗೌರಿ ಹಬ್ಬಕ್ಕೆ ಬಂದು, ಬೆಳಗಾದರೆ ಬ್ಯಾಗು ಹಿಡಿದು ಬಸ್ಸಿಗೆ ಓಡುತ್ತಿದ್ದ ಅಕ್ಕನನ್ನಷ್ಟೇ ಕೆಂಚಪ್ಪ ಬಲ್ಲ. ಹೆಣದ ಬಳಿ ಬಂದು ಬಗ್ಗಿ ನೋಡಿದ. ಎಣ್ಣೆ ಹಚ್ಚಿ ಬಾಚಿದ ತಲೆ, ನಡುವೆ ನೇರ ಬೈತಲೆ, ಕಿವಿಯ ಹಿಂದೆ ಒಂದು ಎಳೆ ಕೂಡ ಚೆದುರದಂತೆ ಕಟ್ಟಿದ ಜಡೆ.

"ತಲೆ ಯಾರು ಬಾಚಿದ್ದು?"

"ನಾನು ಕಣಪ್ಪ," ಎಂದಳು ಕಾಳಕ್ಕ.

"ಪ್ರಾಣ ಹೋಗೋವಾಗ ಯಾರಿದ್ರು?"

"ನನ್ನ ತೊಡೆ ಮೇಲೆ ಮಲಗಿದ್ರು."

ಅವ್ವ ಸೀಕಾಗಿ ಮಲಗಿದ್ದ ಕಾಲದಲ್ಲಿ ಕೆಂಚಪ್ಪನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅಂಕಮ್ಮನೇ ಎಂದು ಗಂಗಾಧರಯ್ಯ ದಾರಿಯಲ್ಲಿ ಹೇಳಿದ್ದ. ಕೆಂಚಪ್ಪ ಶರಟು ಬಿಚ್ಚಿ ಬೇಲಿಗೆ ನೇತುಹಾಕಿ, ಅಲ್ಲಿ ಕಾಯುತ್ತಿದ್ದ ಅಣ್ಣನ ಆಳಿನ ಕೈಯಿಂದ ಹಾರೆ ಕಿತ್ತುಕೊಂಡು ಮುಂದೆ ಹೋದ. ಎಲ್ಲರೂ ಅವನ ಹಿಂದೆ ಹೋದರು.

ಅವ್ವನ ಸಮಾಧಿ ಹುಲ್ಲು ಬೆಳೆದು ನೆಲಕ್ಕೆ ಸಮವಾಗಿತ್ತು. ಅದರಿಂದ ಒಂದು ಮೊಳ ಈಚೆಗೆ, ಭಾಗ ಮಾಡಿದಾಗ ನೆಟ್ಟ ಗಡಿಕಲ್ಲು. ಮೇಲೆ ಬಿಳಿ ಸುಣ್ಣ ಬಳಿದಿತ್ತು. ಅದು ಅಲ್ಲಿರುವವರೆಗೆ ಪಕ್ಕದಲ್ಲಿ ಗುಂಡಿಗೆ ಜಾಗವಿರಲಿಲ್ಲ. ಕೆಂಚಪ್ಪ ಒಂದು ಮಾತೂ ಆಡದೆ ಕಲ್ಲಿನ ಬುಡಕ್ಕೆ ಹಾರೆ ಹಾಕಿ ಮೀಟಿದ. ಕಲ್ಲು ಅಲುಗಲಿಲ್ಲ. ಗಂಗಾಧರಯ್ಯ ಪಂಚೆ ಎತ್ತಿ ಕಟ್ಟಿ ಬಂದು, ತಮ್ಮನ ಕೈಯ ಮೇಲೆ ಕೈ ಇಟ್ಟು ಹಾರೆಗೆ ಭಾರ ಬಿಟ್ಟ. ಬೇರು ಕಿತ್ತ ಸದ್ದಾಗಿ ಕಲ್ಲು ಮೇಲೆದ್ದಿತು. ಇಬ್ಬರೂ ಸೇರಿ ಅದನ್ನು ಉರುಳಿಸಿಕೊಂಡು ಹೋಗಿ ತೆಂಗಿನ ಬುಡದಲ್ಲಿ ಬಿಟ್ಟರು.

ಗುಂಡಿ ಆಗುವಷ್ಟರಲ್ಲಿ ಹೊತ್ತು ವಾಲಿತ್ತು. ಮಣ್ಣು ಹಾಕುವ ಸರದಿ ಬಂದಾಗ ಕೆಂಚಪ್ಪ ಎಲ್ಲರನ್ನೂ ತಡೆದು ಕಾಳಕ್ಕನನ್ನು ಮುಂದಕ್ಕೆ ಕರೆದ. ಅವಳು ಮೂರು ಹಿಡಿ ಹಾಕಿ, ಕೈಗೆ ಅಂಟಿದ ತೋಟದ ಕಪ್ಪು ಮಣ್ಣನ್ನು ಒರೆಸಿಕೊಳ್ಳದೆ ಹಿಂದಕ್ಕೆ ಸರಿದಳು. ಹಟ್ಟಿಯ ಹೆಂಗಸರು, ಊರಿನ ಹೆಂಗಸರು ಬೆರೆತು ನಿಂತರು.

ಜುಂಜಯ್ಯನಿಗೆ ನಿಂತು ನಿಂತು ಕಾಲು ಸೋತಿತ್ತು. ಮಂಜುಗಣ್ಣಲ್ಲಿ ಸುತ್ತ ತಡಕಾಡಿ, ತೆಂಗಿನ ಬುಡದಲ್ಲಿ ಉರುಳಿಬಿದ್ದಿದ್ದ ಗಡಿಕಲ್ಲಿನ ಮೇಲೆ ಕೂತ. ಮಣ್ಣಿನೊಳಗಿದ್ದ ಅರ್ಧ ಇನ್ನೂ ಒದ್ದೆಯಾಗಿತ್ತು, ಸುಣ್ಣದ ಅರ್ಧ ಬಿಸಿಲಿಗೆ ಬಿಳಿಚಿತ್ತು. ಕೂತದ್ದು ಯಾವುದರ ಮೇಲೆ ಎಂದು ಅವನು ಕೇಳಲಿಲ್ಲ. ಅಣ್ಣತಮ್ಮಂದಿರಿಬ್ಬರೂ ನೋಡಿದರು. ಏಳಿ ಅನ್ನಲಿಲ್ಲ.