ಅಪ್ಪನ ಅಳತೆಕೋಲು

ನಮ್ಮಣ್ಣ ಬಡಗಿ; ಅವನು ಮಾಡಿದ್ದಕ್ಕೆಲ್ಲ ಪಾಲಿಶ್ ಹಚ್ಚುವವಳು ನಾನು. ಅಂಗಡಿಯಲ್ಲಿ ನಮ್ಮಿಬ್ಬರಿಗಿಂತ ದೊಡ್ಡವರೆಂದರೆ ಅಪ್ಪನ ಅಳತೆಕೋಲು. ಮಾತು ಮುಗಿಸುವಾಗ ಅದನ್ನು ನೆಲಕ್ಕೊಮ್ಮೆ ಕುಟ್ಟುವುದು ಅಪ್ಪನ ಅಭ್ಯಾಸ. ಅಪ್ಪ ಹೋದ ಮೇಲೆ ಕೋಲಿನ ಜೊತೆ ಆ ಕುಟ್ಟೂ ಅಣ್ಣನ ಪಾಲಿಗೆ ಬಂತು.

ಗಾಜಿನಂಗಡಿಯವನು ಅಣ್ಣನಿಗೆ ಮೂವತ್ತು ವರ್ಷದ ಗೆಳೆಯ. ಮಧ್ಯಾಹ್ನದ ಊಟದ ಡಬ್ಬಿಯನ್ನು ನಮ್ಮಲ್ಲಿಯೇ ಬಿಚ್ಚುತ್ತಿದ್ದ. ಯಾವಾಗಲೂ ಚೌಕಟ್ಟನ್ನು ತಾನೇ ಅಳೆದು ಗಾಜು ಕತ್ತರಿಸುತ್ತಿದ್ದ. ಈ ಸಲ ಒಂದು ಶಾಲೆಯ ಎಂಟು ಕಿಟಕಿಗಳ ಕೆಲಸ ಅವಸರದ್ದೆಂದು ಅಣ್ಣ ಕೋಲಿನಲ್ಲಿ ಅಳೆದು ಚೀಟಿಯಲ್ಲಿ ಬರೆದು ಕೊಟ್ಟ. ಗಾಜು ಬಂತು, ಎಂಟು ಗಾಜೂ ಚೌಕಟ್ಟಿಗಿಂತ ಕಾಲಿಂಚು ದೊಡ್ಡವು. ಅಣ್ಣನ ಪ್ರಕಾರ ಗೆಳೆಯನ ಟೇಪೇ ಸುಳ್ಳು. ಗೆಳೆಯ ಗಾಜನ್ನು ಅಲ್ಲೇ ಗೋಡೆಗೆ ಒರಗಿಸಿ, ಡಬ್ಬಿ ಎತ್ತಿಕೊಂಡ.

"ಸರಿನಪ್ಪ, ಇನ್ಮೇಲೆ ನಿನ್ನ ಕೋಲಿನ ಜೊತೆಗೇ ಊಟ ಮಾಡು."

ನಾಲ್ಕು ದಿನ ಅವನು ಬರಲಿಲ್ಲ. ಅಣ್ಣ ಅರ್ಧ ಉಂಡು ಡಬ್ಬಿ ಮುಚ್ಚುತ್ತಿದ್ದ. ಅದನ್ನು ನೋಡಲಾಗಲಿಲ್ಲ. ಹೊಸ ಟೇಪು ತಂದು ಕೋಲಿನ ಪಕ್ಕದಲ್ಲಿಟ್ಟು ತೋರಿಸಿದೆ: ಕುಟ್ಟಿ ಕುಟ್ಟಿ ಕೋಲಿನ ತುದಿ ಕಾಲಿಂಚು ಸವೆದಿತ್ತು. ಟೇಪು ಬಿಸಿಲಿಗೆ ಹಿಗ್ಗಿದೆ ಎಂದ ಅಣ್ಣ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ಇಷ್ಟು ವರ್ಷ ಒಂದು ಬಾಗಿಲೂ ಬಿಗಿಯಾಗಲಿಲ್ಲವಲ್ಲ ಎಂದು ಬೇರೆ ಕೇಳಿದ. ಬಾಗಿಲೂ ಆ ಕೋಲಿನದೇ, ಚೌಕಟ್ಟೂ ಆ ಕೋಲಿನದೇ. ಇಬ್ಬರೂ ಒಂದೇ ಸುಳ್ಳು ಹೇಳಿದರೆ ಜಗಳ ಎಲ್ಲಿಂದ ಬರಬೇಕು?

ವರ್ಷಕ್ಕೊಮ್ಮೆ ಕೋಲಿಗೆ ಪಾಲಿಶ್ ಹಚ್ಚುವುದು ನನ್ನ ಕೆಲಸ. ಆ ಸಂಜೆ ಸಿಟ್ಟಿಗೆ ಅದರ ಹಿಂಬದಿಯನ್ನು ಮರಳುಕಾಗದದಿಂದ ಜೋರಾಗಿ ಉಜ್ಜಿದೆ. ಕಪ್ಪು ಪದರದಡಿ ಮೊಳೆಯಿಂದ ಗೀಚಿದ ಅಕ್ಷರಗಳು ಕಂಡವು: "ತುದಿ ಸವೆದಿದೆ. ಒಂದರ ಗೆರೆಯಿಂದ ಅಳೆ."

ನನಗೆ ನಾಚಿಕೆಯಾಯಿತು. ಭಕ್ತಿಯಿಂದ ಪಾಲಿಶ್ ಬಳಿದು ಬಳಿದು ಅಪ್ಪನ ಬಾಯಿ ಮುಚ್ಚಿಸಿದವಳು ನಾನೇ.

ಅಣ್ಣ ಓದಿದ. ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಸವರಿದ.

"ಇದು ಅಪ್ಪನ ಅಕ್ಷರ ಅಲ್ಲ," ಎಂದ.

ಕೋಲನ್ನು ಅವನ ಕೈಯಲ್ಲೇ ಬಿಟ್ಟು ಮನೆಗೆ ಹೊರಟೆ.

ಮರುದಿನ ನಾನು ಅಂಗಡಿಗೆ ಬರುವಷ್ಟರಲ್ಲಿ ಎಂಟೂ ಚೌಕಟ್ಟುಗಳ ಒಳಂಚು ಕೆತ್ತಿ ಮುಗಿದಿತ್ತು. ಗಾಜಿನವನನ್ನು ಕರೆದುಕೊಂಡು ಬಾ ಎಂದಷ್ಟೇ ಅಣ್ಣ ಹೇಳಿದ. ಅವನು ಬಂದು, ಗೋಡೆಗೆ ಒರಗಿಸಿದ್ದ ಅದೇ ಗಾಜನ್ನು ಎತ್ತಿ ಕೂರಿಸಿದ. ಕೂತಿತು.

"ನೋಡು, ಈ ಸಲ ಸರಿಯಾಗಿ ಕತ್ತರಿಸಿದೀಯ," ಎಂದ ಅಣ್ಣ.

ಗೆಳೆಯ ನೆಲದ ಮೇಲೆ ಹೊಸದಾಗಿ ಬಿದ್ದಿದ್ದ ಮರದ ಹೊಟ್ಟನ್ನು ನೋಡಿದ, ನನ್ನನ್ನು ನೋಡಿದ.

"ಹೂಂ ಕಣೋ, ಈ ಸಲ ಸ್ವಲ್ಪ ಗಮನ ಕೊಟ್ಟೆ," ಎಂದು ಡಬ್ಬಿ ಬಿಚ್ಚಲು ಕುಳಿತ.

ಅಣ್ಣ ಎಂದಿನಂತೆ ಕೋಲೆತ್ತಿದ. ಕುಟ್ಟಲಿಲ್ಲ. ಮೆಲ್ಲಗೆ ಮೂಲೆಗೆ ಒರಗಿಸಿ, ಊಟಕ್ಕೆ ಕೈ ತೊಳೆದುಕೊಂಡ.